ಕುದುರೆಮುಖದ ಬಡ ಅದಿರು: ಕಲ್ಲಿನಿಂದ ಶುದ್ಧ ಕಬ್ಬಿಣ ತೆಗೆಯುವ ದಾರಿಗಳು

ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಗೆ ಹೋಗುವ ಹಾದಿಯಲ್ಲಿ ಕೊಟ್ಟಿಗೆಹಾರದ ಕೂಡುರಸ್ತೆ ಸಿಗುತ್ತದೆ. ನೇರ ಹೋದರೆ ಘಟ್ಟ ಇಳಿದು ಉಜಿರೆ, ಮಂಗಳೂರು. ಬಾಳೂರಿನ ಕಡೆ ಹೊರಳಿದರೆ ಕಾಫಿ ತೋಟಗಳ ನಡುವೆ ಕಳಸ, ಸಂಸೆ ದಾಟಿ ಕುದುರೆಮುಖ. ಈ ಬೆಟ್ಟಸಾಲಿನ ಒಡಲಲ್ಲಿ ಹೇರಳವಾಗಿ ಕಬ್ಬಿಣವಿದೆ. ಆದರೆ ಅದು ಕೆಳದರ್ಜೆಯ ಅದಿರು. ಬಳ್ಳಾರಿ, ಸಂಡೂರಿನ ಒಳ್ಳೆಯ ಅದಿರಿನಲ್ಲಿ ಕಬ್ಬಿಣದ ಪಾಲು ಶೇ. 60 ದಾಟಿದರೆ, ಇಲ್ಲಿಯ ಕಲ್ಲಿನಲ್ಲಿ ಅದು ಶೇ. 33ರಿಂದ 38ರ ಆಸುಪಾಸು. ಉಳಿದದ್ದರಲ್ಲಿ ಹೆಚ್ಚಿನದು ಬೆಣಚು.

ಇಂಥ ಬಡ ಅದಿರಿನಿಂದ ಶುದ್ಧ ಕಬ್ಬಿಣ ಪಡೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಕಬ್ಬಿಣದ ಕಣವನ್ನು ಬೆಣಚಿನ ಕಣದಿಂದ ಬೇರೆ ಮಾಡುವುದು ಒಂದು. ಆಮ್ಲದಲ್ಲಿ ಕಬ್ಬಿಣವನ್ನೇ ಕರಗಿಸಿ, ಆ ದ್ರಾವಣವನ್ನು ಶುದ್ಧಮಾಡಿ ಮತ್ತೆ ಲೋಹವಾಗಿಸುವುದು ಇನ್ನೊಂದು. ಇದಕ್ಕೆ ಲೀಚಿಂಗ್ ಎಂದು ಹೆಸರು. ಕುದುರೆಮುಖದ ಗಣಿ ತನ್ನ ಆಯುಷ್ಯವನ್ನೆಲ್ಲ ಮೊದಲ ದಾರಿಯಲ್ಲೇ ಕಳೆಯಿತು. ಯಾವ ದಾರಿ ಹಿಡಿದರೂ ಕೊನೆಗೆ ಎದುರಾಗುವ ಪ್ರಶ್ನೆ ಒಂದೇ: ಕಬ್ಬಿಣ ತೆಗೆದ ಮೇಲೆ ಉಳಿದದ್ದನ್ನು ಎಲ್ಲಿಡುವುದು? ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ, ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಬೆಟ್ಟದಲ್ಲಿ ಈ ಪ್ರಶ್ನೆಯನ್ನು ನಾಳೆಗೆ ಮುಂದೂಡಲು ಬರುವುದಿಲ್ಲ.

ಮಳೆಯೇ ಮಾಡಿದ ಲೀಚಿಂಗ್

ಇಲ್ಲಿಯ ಮೂಲಶಿಲೆ 250 ಕೋಟಿ ವರ್ಷಗಳಿಗೂ ಹಿಂದಿನದು. ಮುರಿದ ಕಲ್ಲಿನ ಮೈಯಲ್ಲಿ ಕಪ್ಪು ಮತ್ತು ಬಿಳಿ ಪಟ್ಟೆಗಳು ಒಂದರ ಮೇಲೊಂದು ಕಾಣುತ್ತವೆ. ಕಪ್ಪು ಪಟ್ಟೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡ್, ಬಿಳಿಯದು ಬೆಣಚು. ಅಪ್ಪಟ ಮ್ಯಾಗ್ನಟೈಟಿನಲ್ಲಿ ತೂಕದ ಶೇ. 72.4ರಷ್ಟು ಕಬ್ಬಿಣವಿರುತ್ತದೆ, ಕೆಂಪು ಅದಿರಾದ ಹೆಮಟೈಟಿನಲ್ಲಿ ಶೇ. 69.9. ಅಂದರೆ ಕುದುರೆಮುಖದ ಕಪ್ಪು ಪಟ್ಟೆಯಲ್ಲಿ ಯಾವ ಬಡತನವೂ ಇಲ್ಲ. ಬಿಳಿ ಪಟ್ಟೆ ಅದಕ್ಕೆ ಒತ್ತಿಕೊಂಡು ಕೂತಿರುವುದರಿಂದ ಇಡೀ ಕಲ್ಲು ಬಡ ಅದಿರಾಗಿದೆ.

ಬೆಟ್ಟದ ಮೇಲ್ಪದರದಲ್ಲಿ ಯುಗಯುಗಗಳ ಮಳೆ ಈ ಕಲ್ಲನ್ನು ಸವೆಸಿದೆ. ನೀರು ಬೆಣಚಿನ ಒಂದಿಷ್ಟು ಅಂಶವನ್ನು ಬಹಳ ನಿಧಾನವಾಗಿ ಕರಗಿಸಿ ಒಯ್ಯುತ್ತದೆ, ಕಬ್ಬಿಣ ಹಿಂದೆ ಉಳಿಯುತ್ತದೆ. ಮ್ಯಾಗ್ನಟೈಟಿನ ಒಂದು ಪಾಲು ಗಾಳಿ ನೀರು ತಾಗಿ ಹೆಮಟೈಟ್ ಆಗುತ್ತದೆ. ಹೀಗೆ ಮೆತ್ತಗಾದ ಮೇಲ್ಪದರದಲ್ಲಿ ಕಬ್ಬಿಣ ಶೇ. 38ರ ಹತ್ತಿರ ಬಂದರೆ, ಕೆಳಗಿನ ಗಟ್ಟಿ ಕಲ್ಲಿನಲ್ಲಿ ಶೇ. 33ರ ಸುತ್ತ ಉಳಿಯಿತು. ಕಾರ್ಖಾನೆ ಆಮ್ಲದಲ್ಲಿ ಮಾಡಬಹುದಾದದ್ದನ್ನು ಮಳೆ ಇಲ್ಲಿ ತಿರುಗುಮುರುಗಾಗಿ ಮಾಡಿದೆ. ಆಮ್ಲ ಕಬ್ಬಿಣವನ್ನು ಕರಗಿಸಿ ಬೆಣಚನ್ನು ಬಿಡುತ್ತದೆ. ಮಳೆ ಬೆಣಚನ್ನು ಕರಗಿಸಿ ಕಬ್ಬಿಣವನ್ನು ಬಿಟ್ಟಿತು. ಮನೆ ಕಟ್ಟಲು ಕಡಿದು ತೆಗೆಯುವ ಜಂಬಿಟ್ಟಿಗೆ ಕಲ್ಲಿನ ಹುಟ್ಟೂ ಇದೇ ಬಗೆಯದು. ನೆಲದಲ್ಲಿರುವಾಗ ಕೊಡಲಿಗೆ ಬಗ್ಗುವಷ್ಟು ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಡಿಪುರದಲ್ಲಿ ಇದನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಕರೆದ. ಜಗತ್ತಿನ ಭೂವಿಜ್ಞಾನ ಇಂದಿಗೂ ಅದೇ ಹೆಸರನ್ನು ಬಳಸುತ್ತದೆ.

ಕಬ್ಬಿಣವನ್ನೇ ಕರಗಿಸುವ ಕೆಲಸವೂ ಮಲೆನಾಡಿನಲ್ಲಿ ಕಣ್ಣೆದುರೇ ನಡೆಯುತ್ತದೆ. ಕಣಿವೆಯ ಗದ್ದೆಯಲ್ಲಿ ನೀರು ನಿಂತು ಜೌಗಾದ ಕಡೆ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಆಗ ಸೂಕ್ಷ್ಮಜೀವಿಗಳು ತುಕ್ಕಿನಂಥ ಕಬ್ಬಿಣವನ್ನು ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತವೆ. ಆ ನೀರು ಬದುವಿನ ಬುಡದಲ್ಲಿ ಜಿನುಗಿ ಗಾಳಿ ಕಂಡ ಕೂಡಲೇ ಕಬ್ಬಿಣ ಕಿತ್ತಳೆ ಬಣ್ಣದ ಲೋಳೆಯಾಗಿ ಕೂರುತ್ತದೆ, ಮೇಲೆ ಎಣ್ಣೆ ಚೆಲ್ಲಿದಂತೆ ತೆಳು ಪೊರೆ ಹೊಳೆಯುತ್ತದೆ. ಅದು ಎಣ್ಣೆಯಲ್ಲ. ಕಡ್ಡಿಯಿಂದ ಕದಡಿದರೆ ಎಣ್ಣೆ ಮತ್ತೆ ಕೂಡಿಕೊಳ್ಳುತ್ತದೆ, ಈ ಪೊರೆ ಹಪ್ಪಳದಂತೆ ಚೂರಾಗುತ್ತದೆ. ಇಂಥ ಗದ್ದೆಗಳಲ್ಲಿ ಕಬ್ಬಿಣ ಹೆಚ್ಚಾಗಿ ಭತ್ತದ ಎಲೆ ಕಂದುಗಟ್ಟುವುದೂ ಉಂಟು. ಅಡುಗೆಮನೆಯಲ್ಲಿ ಹುಣಸೆಹಣ್ಣು ತಿಕ್ಕಿ ಕತ್ತಿಯ ತುಕ್ಕು ಬಿಡಿಸುವುದು, ಹಸಿ ಅಡಿಕೆ ಸುಲಿದ ಕತ್ತಿ ಚೊಗರು ತಾಗಿ ಕಪ್ಪಾಗುವುದು, ಇವೂ ಇದೇ ರಸಾಯನಶಾಸ್ತ್ರದ ಪಾಠಗಳು. ಹುಣಸೆಯ ಹುಳಿ ಕಬ್ಬಿಣವನ್ನು ಕರಗಿಸಿ ಹಿಡಿದುಕೊಳ್ಳುತ್ತದೆ. ಅಡಿಕೆಯ ಟ್ಯಾನಿನ್ ಅದರೊಡನೆ ಕೂಡಿ ಮಸಿಯಾಗುತ್ತದೆ.

ಕರಿಮರಳು ಮತ್ತು ಉಕ್ಕು

ಬಡ ಅದಿರನ್ನು ತೊಳೆದು ಹಸನು ಮಾಡುವುದು ಈ ನಾಡಿಗೆ ಹೊಸದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಬುಕಾನನ್, ಮಳೆಗಾಲದ ತೊರೆಗಳು ತಂದು ಹಾಕಿದ ಕರಿಮರಳನ್ನು ಜನ ಗೋರಿ, ನೀರಿನಲ್ಲಿ ತೊಳೆದು, ಇದ್ದಿಲಿನೊಡನೆ ಸಣ್ಣ ಮಣ್ಣಿನ ಕುಲುಮೆಯಲ್ಲಿ ಕಾಯಿಸಿ ಕಬ್ಬಿಣ ಮಾಡುತ್ತಿದ್ದುದನ್ನು ದಾಖಲಿಸಿದ್ದಾನೆ. ಮ್ಯಾಗ್ನಟೈಟ್ ನೀರಿಗಿಂತ 5 ಪಟ್ಟಿಗೂ ಹೆಚ್ಚು ತೂಕ, ಬೆಣಚು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಹರಿಯುವ ನೀರಿನಲ್ಲಿ ಅಲ್ಲಾಡಿಸಿದರೆ ಹಗುರವಾದದ್ದು ತೇಲಿ ಹೋಗಿ ಭಾರವಾದದ್ದು ನಿಲ್ಲುತ್ತದೆ. ಮೂಸೆಯಲ್ಲಿ ಕಾಯಿಸಿ ಮಾಡಿದ ಇಲ್ಲಿಯ ಉಕ್ಕು ಯುರೋಪಿನವರ ಬಾಯಲ್ಲಿ ‘ವೂಟ್ಸ್’ ಆಯಿತು. ಅದು ಕನ್ನಡದ ಉಕ್ಕು ಎಂಬ ಮಾತಿನಿಂದಲೇ ಹೊರಟದ್ದು ಎಂಬುದು ಬಹುಮಂದಿ ಒಪ್ಪಿದ ವಿವರಣೆ.

ದೊಡ್ಡ ಕೈಗಾರಿಕೆಯ ಕಾಲಕ್ಕೆ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಮೊದಲು ಅಗೆದದ್ದು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯನ್ನು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅಲ್ಲಿಂದಲೇ ಅದಿರು ಹೋಗುತ್ತಿತ್ತು. ಅದು ನೇರ ಕುಲುಮೆಗೆ ಹಾಕಬಹುದಾದ ಉತ್ತಮ ಅದಿರು. ಕುದುರೆಮುಖದ ಕಡೆ, ಗಂಗಾಮೂಲದ ಸುತ್ತ ಕಬ್ಬಿಣವಿದೆ ಎಂದು ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಅಷ್ಟು ಬಡ ಅದಿರನ್ನು ಏನು ಮಾಡಬೇಕೆಂದು ತಿಳಿಯದೆ ಅರ್ಧ ಶತಮಾನ ಕಳೆಯಿತು.

ಕುದುರೆಮುಖದ ಕಾರ್ಖಾನೆ

ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ 1960ರ ದಶಕದಲ್ಲಿ ಇಲ್ಲಿ ವಿವರವಾದ ಶೋಧ ನಡೆಸಿತು. 1969ರ ಜುಲೈಯಿಂದ 30 ವರ್ಷಗಳ ಗಣಿ ಗುತ್ತಿಗೆ ಸಿಕ್ಕಿತು. ಗುತ್ತಿಗೆಯ ವಿಸ್ತೀರ್ಣ 4,604 ಹೆಕ್ಟೇರಿಗೂ ಹೆಚ್ಚು. ಹಣ ಬಂದದ್ದು ಇರಾನಿನಿಂದ. ತೈಲದ ದುಡ್ಡು ಹರಿಯುತ್ತಿದ್ದ ಆ ದೇಶಕ್ಕೆ ತನ್ನ ಹೊಸ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಿತ್ತು. 1975ರ ನವೆಂಬರಿನ ಒಪ್ಪಂದದಂತೆ 63 ಕೋಟಿ ಡಾಲರ್ ಸಾಲ ಬರಬೇಕಾಗಿತ್ತು. 1976ರ ಏಪ್ರಿಲ್ 2ರಂದು ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. 25.5 ಕೋಟಿ ಡಾಲರ್ ಕೈಸೇರುವಷ್ಟರಲ್ಲಿ ಇರಾನಿನಲ್ಲಿ ರಾಜಕೀಯ ಕದಡಿ, ಶಾ ಪದಚ್ಯುತನಾಗಿ, ಹಣ ನಿಂತಿತು, ಅದಿರು ಕೊಳ್ಳುವವರೂ ಇಲ್ಲವಾದರು. ಉಳಿದ ಹಣವನ್ನು ಭಾರತ ಸರ್ಕಾರವೇ ಹಾಕಿ 1980ರಲ್ಲಿ ಕಾರ್ಖಾನೆ ಮುಗಿಸಿತು. ಇಂಥ ಮಳೆಯ ಬೆಟ್ಟದಲ್ಲಿ ಐದು ವರ್ಷದೊಳಗೆ ಗಣಿ, ಯಂತ್ರಾಗಾರ, ಊರು, ಕೊಳವೆ ಮಾರ್ಗ ಎಲ್ಲವನ್ನೂ ಕಟ್ಟಿ ನಿಲ್ಲಿಸಿದ ಎಂಜಿನಿಯರುಗಳ, ಕೂಲಿಯವರ ದುಡಿಮೆಗೆ ಸಲ್ಲಬೇಕಾದ ಗೌರವ ಸಲ್ಲಬೇಕು. ಮುಂದೆ ಆದ ಹಾನಿಯ ಲೆಕ್ಕ ಬರೆಯುವಾಗ ಇದನ್ನು ಮರೆಯುವುದು ನ್ಯಾಯವಲ್ಲ.

ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 2.26 ಕೋಟಿ ಟನ್ ಕಲ್ಲು ಅರೆದು 75 ಲಕ್ಷ ಟನ್ ಹಸನಾದ ಅದಿರು ತೆಗೆಯುವುದು. ಸ್ಫೋಟಿಸಿ ಒಡೆದ ಕಲ್ಲನ್ನು ಮೊದಲು ಕ್ರಷರಿನಲ್ಲಿ ಮುರಿಯುತ್ತಿದ್ದರು. ಆಮೇಲೆ ದೈತ್ಯ ಉರುಳೆಗಳೊಳಗೆ ನೀರಿನೊಂದಿಗೆ ಹಾಕಿದಾಗ ಕಲ್ಲು ಕಲ್ಲಿಗೆ ಬಡಿದು ತಾನೇ ಅರೆದುಕೊಳ್ಳುತ್ತಿತ್ತು. ನುಣ್ಣಗಾದ ರಾಡಿ ಅಯಸ್ಕಾಂತ ಕೂರಿಸಿದ ತಿರುಗುವ ಪೀಪಾಯಿಗಳ ಮೇಲೆ ಹಾಯುವಾಗ ಮ್ಯಾಗ್ನಟೈಟ್ ಅಂಟಿಕೊಳ್ಳುತ್ತಿತ್ತು, ಬೆಣಚು ಜಾರಿ ಹೋಗುತ್ತಿತ್ತು. ಹೆಮಟೈಟ್ ಅಷ್ಟು ಸಲೀಸಾಗಿ ಅಯಸ್ಕಾಂತಕ್ಕೆ ಒಲಿಯದು. ಅದನ್ನು ಹಿಡಿಯಲು ಸುರುಳಿ ದೋಣಿಗಳಲ್ಲಿ ರಾಡಿಯನ್ನು ಸುತ್ತಿಸಿ ಇಳಿಸಿ, ಭಾರದ ಆಧಾರದಲ್ಲಿ ಬೇರ್ಪಡಿಸುತ್ತಿದ್ದರು. ತತ್ತ್ವದಲ್ಲಿ ಇದು ಹಿಂದಿನವರ ಕರಿಮರಳು ತೊಳೆಯುವ ಕೆಲಸವೇ. ಕೊನೆಗೆ ದೊರೆಯುತ್ತಿದ್ದ ಪುಡಿಯಲ್ಲಿ ಕಬ್ಬಿಣ ಶೇ. 66-67. ಮ್ಯಾಗ್ನಟೈಟಿನ ಪರಮಾವಧಿ 72.4 ಎಂಬುದನ್ನು ನೆನೆದರೆ, ಒಂದು ತೊಟ್ಟು ಆಮ್ಲವಿಲ್ಲದೆ ಇಷ್ಟು ಶುದ್ಧಿ ಸಾಧಿಸಿದ್ದು ದೊಡ್ಡ ಸಂಗತಿ.

ಪುಡಿಯನ್ನು ಬಂದರಿಗೆ ಸಾಗಿಸಲು ಲಾರಿಗಳನ್ನಾಗಲಿ ರೈಲನ್ನಾಗಲಿ ನೆಚ್ಚಲಿಲ್ಲ. ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಹರಿಸಿದರು. ಕಬ್ಬಿಣದ ಅದಿರನ್ನು ಹೀಗೆ ದೂರಕ್ಕೆ ಹರಿಸಿದ್ದು ಭಾರತದಲ್ಲಿ ಅದೇ ಮೊದಲು. ಪಣಂಬೂರಿನಲ್ಲಿ ನೀರು ಸೋಸಿ ಹಡಗಿಗೆ ತುಂಬುತ್ತಿದ್ದರು. 1987ರಿಂದ ಅಲ್ಲಿಯೇ ಪೆಲೆಟ್ ಕಾರ್ಖಾನೆಯೂ ನಡೆಯಿತು. ನುಣ್ಣನೆಯ ಪುಡಿಯನ್ನು ಜಿಗುಟು ಮಣ್ಣಿನೊಡನೆ ಉಂಡೆಕಟ್ಟಿ ಸುಮಾರು 1,300 ಡಿಗ್ರಿಯಲ್ಲಿ ಸುಡುವುದು ಪೆಲೆಟ್ ಮಾಡುವ ಕ್ರಮ.

ಆಮ್ಲದ ದಾರಿ

ಅಯಸ್ಕಾಂತದ ದಾರಿ ಶೇ. 67ರ ಹತ್ತಿರ ನಿಲ್ಲುತ್ತದೆ. ಕಣದೊಳಗೇ ಸೇರಿಕೊಂಡ ಬೆಣಚು, ಅಲ್ಯೂಮಿನಾಗಳನ್ನು ಅದು ಬಿಡಿಸಲಾರದು. ಉಕ್ಕಿನ ಕುಲುಮೆಗೆ ಅಷ್ಟು ಸಾಕು. ಆದರೆ ಧ್ವನಿವರ್ಧಕ, ಟ್ರಾನ್ಸ್‌ಫಾರ್ಮರುಗಳ ಫೆರೈಟ್‌ಗೆ, ಔಷಧಕ್ಕೆ, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ, ಸೂಕ್ಷ್ಮ ಯಂತ್ರಭಾಗಗಳನ್ನು ಅಚ್ಚೊತ್ತುವ ಕಬ್ಬಿಣದ ಪುಡಿಗೆ ಬೇಕಾಗುವುದು ಶೇ. 99ಕ್ಕೂ ಮಿಗಿಲಾದ ಶುದ್ಧಿ. ರಾಸಾಯನಿಕ ಲೀಚಿಂಗ್ ಬೆಲೆಬಾಳುವುದು ಇಲ್ಲಿ.

ಹೈಡ್ರೊಕ್ಲೋರಿಕ್ ಆಮ್ಲ ಈ ಕೆಲಸಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ. ನುಣ್ಣಗೆ ಅರೆದ ಅದಿರನ್ನು ಬಿಸಿ ಆಮ್ಲದಲ್ಲಿ ಕಲಕಿದರೆ ಕಬ್ಬಿಣದ ಆಕ್ಸೈಡ್ ಕರಗಿ ಹಳದಿ-ಹಸಿರು ಕ್ಲೋರೈಡ್ ದ್ರಾವಣವಾಗುತ್ತದೆ. ಬೆಣಚು ಆ ಆಮ್ಲಕ್ಕೆ ಜಗ್ಗುವುದಿಲ್ಲ. ಸೋಸಿದರೆ ಬಿಳಿ ಮರಳಾಗಿ ಹಿಂದೆ ಉಳಿಯುತ್ತದೆ. ತೊಡಕು ಇರುವುದು ಅದಿರಿನಲ್ಲಿರುವ ಬೇರೆ ಲೋಹಗಳಲ್ಲಿ. ಅಲ್ಯೂಮಿನಿಯಂ, ಮ್ಯಾಂಗನೀಸ್, ಕ್ಯಾಲ್ಸಿಯಂ, ಮೆಗ್ನೀಷಿಯಂಗಳೂ ಕಬ್ಬಿಣದ ಜತೆಗೇ ಕರಗಿ ಬರುತ್ತವೆ.

ಅವನ್ನು ಬಿಡಿಸಲು ರಸಾಯನಜ್ಞರ ಬಳಿ ಸೊಗಸಾದ ಉಪಾಯವೊಂದಿದೆ. ಆಮ್ಲ ಪ್ರಬಲವಾಗಿದ್ದಾಗ ಫೆರಿಕ್ ಕಬ್ಬಿಣ ನಾಲ್ಕು ಕ್ಲೋರಿನ್‌ಗಳನ್ನು ಕಟ್ಟಿಕೊಂಡು ಈಥರ್ ಅಥವಾ ಟ್ರೈಬ್ಯುಟೈಲ್ ಫಾಸ್ಫೇಟ್‌ನಂಥ ಎಣ್ಣೆಯ ಸ್ವಭಾವದ ದ್ರವಕ್ಕೆ ಜಿಗಿಯುತ್ತದೆ. ಅಲ್ಯೂಮಿನಿಯಂ, ಕ್ಯಾಲ್ಸಿಯಂಗಳು ನೀರಿನಲ್ಲೇ ಉಳಿಯುತ್ತವೆ. ಮಜ್ಜಿಗೆ ಕಡೆದಾಗ ಬೆಣ್ಣೆ ಮೇಲೆ ಬಂದಂತೆ ಎರಡು ಪದರ ಬೇರೆಯಾಗುತ್ತವೆ. ಮೇಲಿನ ಪದರಕ್ಕೆ ಬರೀ ನೀರು ತೋರಿಸಿದರೆ ಕಬ್ಬಿಣ ಮತ್ತೆ ನೀರಿಗಿಳಿಯುತ್ತದೆ, ಈ ಸಲ ಶುದ್ಧವಾಗಿ. ಫೆರಸ್ ಕ್ಲೋರೈಡನ್ನು ತಂಪುಮಾಡಿ ಹರಳುಗಟ್ಟಿಸುವುದು ಇನ್ನೊಂದು ಕ್ರಮ.

ಶುದ್ಧ ದ್ರಾವಣದಿಂದ ಲೋಹಕ್ಕೆ ಮರಳಲೂ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಬಿಸಿ ಗೋಪುರದಲ್ಲಿ ದ್ರಾವಣವನ್ನು ಸಿಂಪಡಿಸಿದರೆ ಕೆಳಗೆ ಕೆಂಪು ಆಕ್ಸೈಡ್ ಉದುರುತ್ತದೆ, ಮೇಲೆ ಆಮ್ಲದ ಆವಿ ಏಳುತ್ತದೆ. ಆವಿಯನ್ನು ನೀರಿನಲ್ಲಿ ಹಿಡಿದರೆ ಅದೇ ಆಮ್ಲ ಮತ್ತೆ ಬಳಕೆಗೆ ಸಿದ್ಧ. ಉಕ್ಕಿನ ಹಾಳೆಯ ಕಿಟ್ಟ ತೊಳೆಯುವ ಕಾರ್ಖಾನೆಗಳು ಬಳಸಿದ ಆಮ್ಲವನ್ನು ಹೀಗೆಯೇ ಮರಳಿ ಪಡೆಯುತ್ತವೆ. ಅಲ್ಲಿ ಬೀಳುವ ಆಕ್ಸೈಡ್ ಫೆರೈಟ್ ಉದ್ಯಮಕ್ಕೆ ಕಚ್ಚಾವಸ್ತು. ಆಕ್ಸೈಡನ್ನು ಹೈಡ್ರೊಜನ್ನಿನಲ್ಲಿ ಕಾಯಿಸಿದರೆ ಕಬ್ಬಿಣ ಉಳಿದು ನೀರಾವಿ ಹೊರಡುತ್ತದೆ. ದ್ರಾವಣಕ್ಕೆ ವಿದ್ಯುತ್ ಹಾಯಿಸಿ ತಗಡಿನ ಮೇಲೆ ಕಬ್ಬಿಣವನ್ನು ಕೂರಿಸಲೂ ಬರುತ್ತದೆ. ಅಮೆರಿಕದ ಕೊಲರಾಡೊದಲ್ಲಿರುವ ಇಲೆಕ್ಟ್ರಾ ಎಂಬ ಕಂಪನಿ ಸುಮಾರು 60 ಡಿಗ್ರಿ ಬಿಸಿಯಲ್ಲೇ ಬಡ ಅದಿರನ್ನು ಕರಗಿಸಿ ಈ ಬಗೆಯಲ್ಲಿ ಕಬ್ಬಿಣದ ತಗಡು ತೆಗೆಯುವ ಪ್ರಯತ್ನದಲ್ಲಿದೆ. ಕಾರ್ಬನ್ ಮಾನಾಕ್ಸೈಡ್ ಅನಿಲದೊಡನೆ ಕೂಡಿಸಿ, ಆವಿಯಾಗಿಸಿ, ಒಡೆದು ತೆಗೆಯುವ ಕಾರ್ಬೊನಿಲ್ ಕಬ್ಬಿಣವನ್ನು ಜರ್ಮನಿಯ ಬಿಎಎಸ್‌ಎಫ್ 1925ರಿಂದ ಮಾಡುತ್ತಿದೆ. ಇದರಲ್ಲಿ ಆಮ್ಲವಿಲ್ಲ, ಆದರೆ ಆ ಅನಿಲವೂ ಅದರಿಂದಾಗುವ ದ್ರವವೂ ಘೋರ ವಿಷ.

ಇಷ್ಟೆಲ್ಲ ಇದ್ದೂ ಕುದುರೆಮುಖದಲ್ಲಿ ಆಮ್ಲ ಏಕೆ ಬರಲಿಲ್ಲ? ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಮ್ಯಾಗ್ನಟೈಟಿನಿಂದ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 1.74 ಟನ್ ಹೈಡ್ರೊಜನ್ ಕ್ಲೋರೈಡ್ ಬೇಕು. 75 ಲಕ್ಷ ಟನ್ ಪುಡಿಯಲ್ಲಿರುವ ಸುಮಾರು 50 ಲಕ್ಷ ಟನ್ ಕಬ್ಬಿಣಕ್ಕೆ ವರ್ಷಕ್ಕೆ 87 ಲಕ್ಷ ಟನ್. ಅದರಲ್ಲಿ ನೂರಕ್ಕೆ 99 ಪಾಲು ಮರಳಿ ಪಡೆದರೂ 87 ಸಾವಿರ ಟನ್ ಎಲ್ಲಿಗೋ ಹೋಗಬೇಕು. ಭದ್ರೆಯ ಉಗಮದಲ್ಲಿ ಆ ‘ಎಲ್ಲಿಗೋ’ ಎಂಬುದು ಹೊಳೆಯಲ್ಲದೆ ಬೇರೇನೂ ಆಗಲಾರದು.

ಲೀಚಿಂಗ್ ದೊಡ್ಡ ಪ್ರಮಾಣದಲ್ಲಿ ನಡೆದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಾಗಿಲ್ಲ. ಕೇರಳದ ಚವರದಲ್ಲಿ ಕಡಲತೀರದ ಇಲ್ಮನೈಟ್ ಮರಳಿನಿಂದ ಟೈಟಾನಿಯಂ ಡೈಆಕ್ಸೈಡ್ ಮಾಡುವ ಸರ್ಕಾರಿ ಕಾರ್ಖಾನೆ ಇದೇ ಆಮ್ಲದಿಂದ ಮರಳಿನ ಕಬ್ಬಿಣವನ್ನು ಕರಗಿಸಿ ತೆಗೆಯುತ್ತದೆ. ಅಲ್ಲಿ ಬೇಕಾದದ್ದು ಟೈಟಾನಿಯಂ, ಬೇಡವಾದದ್ದು ಕಬ್ಬಿಣ. ಆಮ್ಲ ಮರಳಿ ಪಡೆದ ಮೇಲೆ ಉಳಿದ ಕೆಂಪು ಆಕ್ಸೈಡ್ ಕೊಳಗಳಲ್ಲಿ ರಾಶಿಬಿದ್ದು, ಸುತ್ತಲಿನ ಬಾವಿಗಳ ನೀರಿನ ಬಗ್ಗೆ ಜನ ದೂರುತ್ತಲೇ ಬಂದಿದ್ದಾರೆ.

ಆಮ್ಲಕ್ಕಿಂತ ಸೌಮ್ಯವಾದ ದಾರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರದ ಪ್ರಾಧ್ಯಾಪಕ ಕೆ.ಎ. ನಟರಾಜನ್ ಮತ್ತು ಜತೆಗಾರರು ಹುಡುಕಿದರು. ಪೀನಿಬ್ಯಾಸಿಲಸ್ ಪಾಲಿಮಿಕ್ಸ ಎಂಬ ಮಣ್ಣಿನ ಬ್ಯಾಕ್ಟೀರಿಯ ಮತ್ತು ಅದು ಸ್ರವಿಸುವ ಅಂಟು ಪದಾರ್ಥಗಳು ಖನಿಜಕಣಗಳ ಮೈಯನ್ನು ಬದಲಿಸುತ್ತವೆ. ಹೆಮಟೈಟ್ ಮುದ್ದೆಗಟ್ಟಿ ತಳಕ್ಕಿಳಿಯುತ್ತದೆ, ಬೆಣಚು ಚದುರಿ ತೇಲುತ್ತದೆ. ಪ್ರಯೋಗಶಾಲೆಯಿಂದ ಗಣಿಗೆ ಇದು ಇಳಿದು ಬಂದಿಲ್ಲ. ಮಲೆನಾಡಿನ ಗದ್ದೆಯಂಚಿನ ಜೌಗಿಗೆ ಹತ್ತಿರವಾದ ವಿದ್ಯೆ ಇದು, ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾದದ್ದು.

ಉಳಿದದ್ದು

75 ಲಕ್ಷ ಟನ್ ಪುಡಿ ತೆಗೆದ ಪ್ರತಿ ವರ್ಷ ಒಂದೂವರೆ ಕೋಟಿ ಟನ್ ತ್ಯಾಜ್ಯ ಉಳಿಯುತ್ತಿತ್ತು. ಅದನ್ನು ತಡೆಹಿಡಿಯಲು ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟೆ ಕಟ್ಟಿದರು. ಕಣಿವೆಯೇ ಹೂಳಿನ ತೊಟ್ಟಿಯಾಯಿತು. ಅಣೆಕಟ್ಟೆಗೆ ಸಿಗದ ಮಣ್ಣು, ಗಣಿಯ ಬಗೆದ ಗುಡ್ಡಗಳಿಂದ ಕೊಚ್ಚಿದ್ದು, ನೇರ ಹೊಳೆಗೆ ಇಳಿಯಿತು. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಭದ್ರೆಯ ಹೂಳನ್ನು ಅಳೆದು, ಜಲಾನಯನದ ಶೇ. 1ಕ್ಕೂ ಕಡಿಮೆ ಜಾಗವಾದ ಗಣಿ ಪ್ರದೇಶದಿಂದ ಹೊಳೆಯ ಅರ್ಧಕ್ಕಿಂತ ಹೆಚ್ಚು ಹೂಳು ಬರುತ್ತಿದೆ ಎಂದು ತೋರಿಸಿತು. ಭದ್ರೆಯ ನೀರನ್ನೇ ನಂಬಿದ ಕೆಳಗಿನ ಊರುಗಳ ಪಾಲಿಗೆ ಇದಕ್ಕಿಂತ ಗಂಭೀರವಾದ ಅಂಕಿ ಬೇರಿಲ್ಲ.

ಗಣಿಯ ಸುತ್ತಲಿನ ಶೋಲಾ ಕಾಡು, ಹುಲ್ಲುಗಾವಲು ಸಿಂಗಳೀಕಗಳ ನೆಲೆ. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಟಿತು, 2001ರಲ್ಲಿ ಅಂತಿಮವಾಯಿತು. ಗುತ್ತಿಗೆ 1999ರಲ್ಲಿ ಮುಗಿದ ಮೇಲೆ ಕಂಪನಿ ನವೀಕರಣ ಬಯಸಿತು. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಹೆಸರಾದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೊರೆಹೋದರು. 2002ರ ಅಕ್ಟೋಬರ್ 30ರ ತೀರ್ಪು ಗಣಿಗಾರಿಕೆಗೆ 2005ರ ಕೊನೆಯ ಗಡುವು ವಿಧಿಸಿತು. ಆ ಗಡುವಿನ ಹಿಂದಿನ ಲೆಕ್ಕವನ್ನು ಭೂವಿಜ್ಞಾನದ ಕಣ್ಣಿನಿಂದ ಗಮನಿಸಬೇಕು: ಆಗಲೇ ಬಗೆದಿದ್ದ ಜಾಗದಲ್ಲಿ ಉಳಿದಿರುವ ಸವೆದ ಮೇಲ್ಪದರದ ಅದಿರು ಅಷ್ಟು ಹೊತ್ತಿಗೆ ಮುಗಿಯುತ್ತದೆ, ಕೆಳಗಿನ ಗಟ್ಟಿ ಕಲ್ಲನ್ನು ಮುಟ್ಟಬಾರದು. ಮಳೆ ಹದಮಾಡಿಕೊಟ್ಟಷ್ಟನ್ನು ತೆಗೆದು ಮುಗಿಸಿ ಹೊರಡುವಂತೆ ನ್ಯಾಯಾಲಯ ಹೇಳಿದಂತಾಯಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖದ ಉದ್ಯಾನವೂ ಅದರಲ್ಲಿತ್ತು. ಗಣಿಯನ್ನೇ ನೆಚ್ಚಿದ್ದ ಮಲ್ಲೇಶ್ವರದ ಊರು ಖಾಲಿಯಾಗುತ್ತ ಬಂತು. ಅಲ್ಲಿ ದುಡಿದವರ, ಅಂಗಡಿ ಇಟ್ಟವರ ನಷ್ಟ ಯಾವ ಪಟ್ಟಿಯಲ್ಲೂ ಸೇರಲಿಲ್ಲ. ಕಂಪನಿ ಹೊರಗಿನ ಅದಿರು ತರಿಸಿ ಮಂಗಳೂರಿನ ಪೆಲೆಟ್ ಕಾರ್ಖಾನೆ ನಡೆಸಿತು. ಸಂಡೂರು ತಾಲ್ಲೂಕಿನ ದೇವದಾರಿ ಬೆಟ್ಟದಲ್ಲಿ ಹೊಸ ಗಣಿಗೆ ಅದು ಕೈಹಾಕಿದಾಗ ಅಲ್ಲಿಯೂ ಕಾಡು ಉಳಿಸಬೇಕೆಂಬ ದನಿ ಎದ್ದಿತು.

ಲಕ್ಯಾ ಕಣಿವೆಯ ಹೂಳು ಹಾಗೆಯೇ ಇದೆ. ಕಾರ್ಖಾನೆಯ ವಿನ್ಯಾಸದ ಅಂಕಿಗಳನ್ನೇ ಹಿಡಿದು ಕೂಡಿ ಕಳೆದರೆ ಅದರಲ್ಲಿ ಇನ್ನೂ ಏನಿದೆ ಎಂಬುದು ಗೊತ್ತಾಗುತ್ತದೆ. ಶೇ. 38ರ ಅದಿರು 2.26 ಕೋಟಿ ಟನ್ ಒಳಗೆ ಹೋದರೆ ಅದರಲ್ಲಿ ಕಬ್ಬಿಣ ಸುಮಾರು 86 ಲಕ್ಷ ಟನ್. ಪುಡಿಯಾಗಿ ಹೊರಬಂದದ್ದು 50 ಲಕ್ಷ ಟನ್. ಉಳಿದ 36 ಲಕ್ಷ ಟನ್, ಹೆಚ್ಚಾಗಿ ಅಯಸ್ಕಾಂತಕ್ಕೆ ಒಲಿಯದ ಹೆಮಟೈಟ್ ರೂಪದಲ್ಲಿ, ಒಂದೂವರೆ ಕೋಟಿ ಟನ್ ತ್ಯಾಜ್ಯದೊಂದಿಗೆ ಹೋಯಿತು. ಅಂದರೆ ಈ ಲೆಕ್ಕದಲ್ಲಿ ತ್ಯಾಜ್ಯದ ಕಾಲುಭಾಗದಷ್ಟು ಕಬ್ಬಿಣವೇ. ಅರೆದು ನುಣ್ಣಗಾಗಿ, ಆಮ್ಲಕ್ಕೆ ಸಿದ್ಧವಾಗಿ ಕೂತ ಬಡ ಅದಿರು ಅದು. ಅದರ ಮೇಲೆ ನೀರು ನಿಂತಿದೆ, ಅಂಚಿನಲ್ಲಿ ಹುಲ್ಲು ಬಂದಿದೆ. ಪ್ರತಿ ಜೂನಿನಲ್ಲಿ ಮಳೆ ಮತ್ತೆ ಶುರುವಾದಾಗ ಅಣೆಕಟ್ಟೆಯ ಕೋಡಿಯಿಂದ ಹೊರಟ ನೀರು ಕಳಸದ ಪಕ್ಕದಲ್ಲಿ ಹರಿದು ಹೋಗುತ್ತದೆ.